ಊರಂಚಿನ ಜಮೀನು ಕೊಳ್ಳುವ ಮುಂಚೆ: ಜೆರಾಕ್ಸ್ ಅಂಗಡಿಯವಳ ಮಾತು

ತಾಲ್ಲೂಕು ಕಚೇರಿ ಎದುರಿಗೆ 21 ವರ್ಷದಿಂದ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ (ಜಮೀನು ಯಾರದ್ದು, ಎಷ್ಟು ಅಂತ ಹೇಳುವ ದಾಖಲೆ), ಕ್ರಯಪತ್ರ, ವಂಶವೃಕ್ಷ, ಕೋರ್ಟ್ ನೋಟೀಸು, ಎಲ್ಲವೂ ನನ್ನ ಮಿಷನ್ನಿನ ಗಾಜಿನ ಮೇಲೆ ಮಲಗಿ ಎದ್ದು ಹೋಗಿವೆ. ಬೇರೆಯವರ ಕಾಗದ ಓದಬಾರದು ಅಂತ ಮೊದಲು ನಿಯಮ ಇಟ್ಟುಕೊಂಡಿದ್ದೆ. ಆದರೆ ಜನ ತಾವೇ ಮುಂದೆ ಹಿಡಿದು "ಅಕ್ಕಾ, ಇದು ಸರಿ ಇದ್ಯಾ ನೋಡಿ" ಅನ್ನುತ್ತಾರೆ. ನೋಡಿ ನೋಡಿ ಒಂದಿಷ್ಟು ಕಲಿತೆ. ಕಲಿತ ಮೇಲೂ ಒಂದ್ಸಲ ನಾನೇ ಗುಂಡಿಗೆ ಬಿದ್ದೆ. ಅದನ್ನೂ ಹೇಳುತ್ತೇನೆ.

"ಮೈಸೂರು ಹತ್ತಿರ ಒಂದೆಕರೆ ತಗೊಂಡು ಬಿಟ್ಟಿರೋಣ, ಮುಂದೆ ಊರು ಅಲ್ಲಿಗೇ ಬರುತ್ತೆ" ಅನ್ನುವವರು ಈಗ ಜಾಸ್ತಿ. 2020ರವರೆಗೆ ವ್ಯವಸಾಯದವರಲ್ಲದವರಿಗೆ ಇದು ಸುಲಭ ಇರಲಿಲ್ಲ. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಅಡ್ಡ ಇದ್ದವು. ಆ ವರ್ಷ ಅವನ್ನು ತೆಗೆದರು. ಅವತ್ತಿನಿಂದ ನನ್ನ ಅಂಗಡಿ ಮುಂದೆ ಕೆಎ 09, ಕೆಎ 11 ಗಾಡಿಗಳ ನಡುವೆ ಬೆಂಗಳೂರಿನ ಕೆಎ 05 ಕಾರುಗಳೂ ನಿಲ್ಲುತ್ತವೆ.

ಮೊದಲೇ ಒಂದು ಮಾತು. ಮೂರು ವರ್ಷದಲ್ಲಿ ಮಗಳ ಮದುವೆಗೋ ಮಗನ ಕಾಲೇಜಿಗೋ ಬೇಕಾಗುವ ದುಡ್ಡನ್ನು ಜಮೀನಿಗೆ ಹಾಕಬೇಡಿ. ಊರು ಯಾವಾಗ ಬರುತ್ತೆ ಅನ್ನುವುದು ನಮ್ಮ ಕೈಲಿಲ್ಲ. ಬಂದಾಗ ನಮ್ಮ ಕಾಗದ ಗಟ್ಟಿ ಇರಬೇಕು, ಅಲ್ಲಿಗೆ ಹೋಗಲು ದಾರಿ ಇರಬೇಕು. ನಾವು ನೋಡಿಕೊಳ್ಳಬಹುದಾದದ್ದು ಅವೆರಡನ್ನೇ.

ಎಲ್ಲಿ ನೋಡುವುದು

2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಪ್ರಧಾನಿಯವರು ಬೆಂಗಳೂರು–ಮೈಸೂರು ದಶಪಥ ಉದ್ಘಾಟಿಸಿದರು. ಅಲ್ಲಿಂದ "ಹೈವೇ ಟಚ್ ಜಮೀನು" ಅನ್ನುವ ಮಾತು ಎಲ್ಲ ಬ್ರೋಕರ್‌ಗಳ ಬಾಯಲ್ಲೂ ಬಂತು. ಟಚ್ ಅಂದರೆ ಏನು ಅಂತ ಹೋಗಿ ನೋಡಿ. 118 ಕಿಲೋಮೀಟರ್ ಉದ್ದದ ಆ ರಸ್ತೆಯ ನಡುವಿನ ಆರು ಪಥಕ್ಕೆ ಎರಡೂ ಕಡೆ ಬೇಲಿ. ಒಳಗೆ ಹೋಗಲು, ಹೊರಗೆ ಬರಲು ಗೊತ್ತಾದ ಜಾಗಗಳಷ್ಟೇ. ಮಂಡ್ಯ, ಶ್ರೀರಂಗಪಟ್ಟಣದ ಬೈಪಾಸ್ ಕಡೆಯಂತೂ ಗದ್ದೆ ನಡುವೆ ಎತ್ತರದ ಏರಿ ಮೇಲೆ ರಸ್ತೆ ಹೋಗಿದೆ. ಕೆಳಗಿನ ಜಮೀನಿನಲ್ಲಿ ನಿಂತರೆ ಕಾರು ಕಾಣುತ್ತೆ, ಅಷ್ಟೇ. ಆದ್ದರಿಂದ ಬ್ರೋಕರ್ ಕಾರಿನಲ್ಲಿ ಕೂತು ಹೋಗಬೇಡಿ. ನಿಮ್ಮದೇ ಸ್ಕೂಟರ್ ತೆಗೆದುಕೊಂಡು, ಮೈಸೂರಿಂದ ಹೊರಟು, ಯಾರನ್ನೂ ಕೇಳದೆ ಆ ಜಮೀನು ಮುಟ್ಟಲು ಆಗುತ್ತಾ ನೋಡಿ.

ಮೈಸೂರಿನ ಸುತ್ತ ಹೂಟಗಳ್ಳಿ ನಗರಸಭೆ ಆಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಅಂದರೆ ಊರು ಆಗಲೇ ಅಲ್ಲಿಗೆ ಹೋಗಿದೆ, ಅಲ್ಲಿ ಎಕರೆ ಲೆಕ್ಕದಲ್ಲಿ ಕೊಳ್ಳುವುದು ನಮ್ಮಂಥವರ ಕೈಗೆ ಎಟುಕುವುದಿಲ್ಲ. ಅವುಗಳ ಆಚೆ, ಇಲವಾಲ ದಾಟಿ, ಜಯಪುರದ ಕಡೆ, ವರುಣದ ಕಡೆ ಜನ ಹುಡುಕುತ್ತಾರೆ. ನನ್ನ ಅಳತೆಗೋಲು ಬೇರೆ. ಬೆಳಿಗ್ಗೆ ಎಂಟು ಗಂಟೆಗೆ ಆ ಹಳ್ಳಿಯ ಸರ್ಕಲ್ಲಿನಲ್ಲಿ ನಿಂತು ಒಂದು ಟೀ ಕುಡಿಯಿರಿ. ಹಳದಿ ಸ್ಕೂಲ್ ಬಸ್ಸು ಎಷ್ಟು ಬಂದವು? ಬಾಡಿಗೆ ಮನೆಯವರು ಹಾಲಿಗೆ ನಿಂತಿದ್ದಾರಾ? ಹಾರ್ಡ್‌ವೇರ್ ಅಂಗಡಿ ಇದೆಯಾ? ಬಣ್ಣದ ಬ್ರೋಷರಿಗಿಂತ ಆ ಅರ್ಧ ಗಂಟೆ ಜಾಸ್ತಿ ಹೇಳುತ್ತೆ.

ಆಮೇಲೆ ನಕ್ಷೆ. ಮೈಸೂರು–ನಂಜನಗೂಡು ಯೋಜನಾ ಪ್ರದೇಶಕ್ಕೆ 2031ರ ಮಹಾಯೋಜನೆ ಇದೆ. ಅದರಲ್ಲಿ ಹಳದಿ ಬಣ್ಣ ಅಂದರೆ ವಸತಿ, ಹಸಿರು ಅಂದರೆ ಕೃಷಿ. ನಿಮ್ಮ ಸರ್ವೆ ನಂಬರ್ ಯಾವ ಬಣ್ಣದಲ್ಲಿದೆ ಅಂತ ಪ್ರಾಧಿಕಾರದಿಂದ ಬರಹದಲ್ಲೇ ಪಡೆಯಿರಿ. ಮಂಡ್ಯ ಸುತ್ತಲಿನದಕ್ಕೆ ಮಂಡ್ಯ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಕೇಳಬೇಕು. ಹಸಿರು ಜಾಗವನ್ನು ತೋರಿಸಿ "ಮುಂದಿನ ಪ್ಲಾನಿನಲ್ಲಿ ಹಳದಿ ಆಗುತ್ತೆ ಮೇಡಂ" ಅಂದರೆ, ಹಸಿರಿನ ರೇಟೇ ಕೊಡಿ. ಆಗದ ಬಣ್ಣಕ್ಕೆ ಯಾಕೆ ದುಡ್ಡು?

ಹೊಸ ರಿಂಗ್ ರಸ್ತೆ ಬರುತ್ತೆ ಅನ್ನುವ ಸುದ್ದಿಯೂ ಹಾಗೇ. ರಸ್ತೆ ಪಕ್ಕ ಬಂದರೆ ಲಾಭ. ಮೇಲೇ ಬಂದರೆ ಪರಿಹಾರದ ದುಡ್ಡು ಮಾತ್ರ. ಕೈಗಾರಿಕೆಗೆ ಜಮೀನು ತೆಗೆದುಕೊಳ್ಳುವ ಕೆಐಎಡಿಬಿಯ 28(1) ಅಧಿಸೂಚನೆ ಆಗಿದೆಯಾ, ಪ್ರಾಧಿಕಾರದ ಬಡಾವಣೆಗೆ ಸ್ವಾಧೀನದ ಅಧಿಸೂಚನೆ ಇದೆಯಾ ಅಂತ ಆಯಾ ಕಚೇರಿಯಲ್ಲಿ ಕೇಳದೆ ಅಡ್ವಾನ್ಸ್ ಕೊಡಬೇಡಿ. ಶ್ರೀರಂಗಪಟ್ಟಣದ ಕಡೆ ಇನ್ನೊಂದು ತೊಡಕು. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಅದರಾಚೆಗೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಆ ಊರಿನಲ್ಲಿ ಸ್ಮಾರಕಗಳಿಗೇನು ಕಡಿಮೆ?

ಖುಷ್ಕಿಯೋ ತರಿಯೋ

ಖುಷ್ಕಿ ಅಂದರೆ ಮಳೆ ನಂಬಿದ ಜಮೀನು, ತರಿ ಅಂದರೆ ನೀರಾವರಿ ಜಮೀನು. ಮಂಡ್ಯದ ಕಡೆ ಜಮೀನು ನೋಡಲು ಹೋದರೆ ಕಣ್ಣು ಮೋಸ ಮಾಡುತ್ತೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕ ಕಬ್ಬು, ಭತ್ತ, ತೆಂಗು, ಕೊಕ್ಕರೆ. ಬೆಂಗಳೂರಿನಿಂದ ಬಂದವರು ಅಲ್ಲೇ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಕನ್ನಂಬಾಡಿ ಕಟ್ಟೆಯ ನೀರು ಕುಡಿಯುವ ಆ ಅಚ್ಚುಕಟ್ಟಿನ ಜಮೀನು ಮುಂದೆ ಸೈಟಾಗುತ್ತೆ ಅಂತ ಕೊಳ್ಳುವವರು ದೊಡ್ಡ ತಪ್ಪು ಮಾಡುತ್ತಾರೆ. 2020ರ ತಿದ್ದುಪಡಿಯಲ್ಲೇ, ಖಾತ್ರಿ ನೀರಾವರಿಯ ಎ ದರ್ಜೆ ಜಮೀನು ಕೊಂಡರೆ ವ್ಯವಸಾಯಕ್ಕೇ ಬಳಸಬೇಕು ಅನ್ನುವ ಷರತ್ತು ಇದೆ. ಕಬ್ಬು ಬೆಳೆಯುವ ಆಸೆ ಇದ್ದರೆ ಖಂಡಿತ ಕೊಳ್ಳಿ. ಸೈಟಿನ ಆಸೆ ಇದ್ದರೆ ಪಹಣಿಯಲ್ಲಿ ಖುಷ್ಕಿ ಅಂತ ಇರುವ, ರಾಗಿ ಹುರುಳಿ ಬೆಳೆಯುವ ಬಡಪಾಯಿ ಜಮೀನೇ ವಾಸಿ.

ಒಂದೆಕರೆಗೆ 36 ಸೈಟು ಅನ್ನುವ ಲೆಕ್ಕ

ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ. 30×40 ಸೈಟು 1,200 ಚದರಡಿ. ಬ್ರೋಕರ್ ಮೊಬೈಲ್ ತೆಗೆದು ಭಾಗಿಸಿ "36 ಸೈಟು ಮೇಡಂ" ಅನ್ನುತ್ತಾನೆ. ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗ ಬಿಟ್ಟ ಮೇಲೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಉಳಿದರೆ ಪುಣ್ಯ. ಅದಕ್ಕೆ ಮುಂಚೆ ಭೂ ಪರಿವರ್ತನೆ ಆಗಬೇಕು, ಅಂದರೆ ವ್ಯವಸಾಯದ ಜಮೀನು ಬೇರೆ ಬಳಕೆಗೆ ಬದಲಾಗಬೇಕು, ಪ್ರಾಧಿಕಾರದಿಂದ ನಕ್ಷೆ ಮಂಜೂರಾಗಬೇಕು. ಒಂಟಿ ಎಕರೆ ಬಡಾವಣೆ ಆಗುವುದು ಕಷ್ಟ, ಅಕ್ಕಪಕ್ಕದವರು ಸೇರಬೇಕು. ಹಾಗಾಗಿ ಪಕ್ಕದ ಜಮೀನಿನವರು ಯಾರು ಅನ್ನುವುದೂ ನಿಮ್ಮ ಲೆಕ್ಕದಲ್ಲಿರಲಿ.

ಪರಿವರ್ತನೆಯೇ ಆಗದ ಜಮೀನನ್ನು ಗುಂಟೆ ಗುಂಟೆ ಕತ್ತರಿಸಿ "ಫಾರ್ಮ್ ಪ್ಲಾಟ್" ಅಂತ ಮಾರುವವರಿದ್ದಾರೆ. ಮಾವಿನ ಗಿಡ ನೆಟ್ಟು, ಗೇಟು ಹಾಕಿ, ಈಜುಕೊಳದ ಚಿತ್ರ ತೋರಿಸುತ್ತಾರೆ. ಪಹಣಿ ನೋಡಿದರೆ ನಲವತ್ತು ಜನರ ಹೆಸರು ಜಂಟಿಯಾಗಿ ಇರುತ್ತೆ. ನಾಳೆ ಮಾರಬೇಕು ಅಂದರೆ ನಿಮ್ಮ ತುಂಡು ಯಾವುದು ಅಂತ ತೋರಿಸಲು ಪೋಡಿಯೇ (ಅಳೆದು ತುಂಡಿಗೆ ಬೇರೆ ನಂಬರ್ ಕೊಡುವುದು) ಆಗಿರುವುದಿಲ್ಲ. ನಾನಂತೂ ಬೇಡ ಅನ್ನುತ್ತೇನೆ.

ನಾನು ಬಿದ್ದ ಗುಂಡಿ

2018ರಲ್ಲಿ ಬನ್ನೂರು ರಸ್ತೆ ಕಡೆ ಒಂದು ಜಮೀನು ಬಂತು. ರೇಟು ಕಡಿಮೆ. "ನಿಮ್ಮನೆ ಜಮೀನೇ ಅನ್ಕೊಳ್ಳಿ ಅಕ್ಕ, ಪೇಪರ್ ಎಲ್ಲಾ ಕ್ಲಿಯರ್" ಅಂದ ಬ್ರೋಕರ್. ಆ ವರ್ಷದ ಪಹಣಿಯಲ್ಲಿ ಮಾರುವವರ ಹೆಸರೇ ಇತ್ತು. 3 ಲಕ್ಷ ಅಡ್ವಾನ್ಸ್ ಕೊಟ್ಟೆವು. ಕರಾರಿಗೆ ಸಹಿ ಆಗಿ ಹದಿನೈದು ದಿನಕ್ಕೆ ವಕೀಲರೊಬ್ಬರು ಬೇರೆ ಕೆಲಸಕ್ಕೆ ಅಂಗಡಿಗೆ ಬಂದರು. ಸುಮ್ನೆ ತೋರಿಸಿದೆ. ಕನ್ನಡಕ ಏರಿಸಿ, ಸರ್ವೆ ನಂಬರಿನ ಮೇಲೆ ಬೆರಳಿಟ್ಟು, "ಇದೇನಮ್ಮ ಪಕ್ಕದಲ್ಲಿ ಪಿ4 ಅಂತಿದೆ?" ಅಂದರು.

ಪಿ ಅಂದರೆ ಪೈಕಿ. ದೊಡ್ಡ ಸರ್ಕಾರಿ ಸರ್ವೆ ನಂಬರಿನಲ್ಲಿ ತುಂಡು ತುಂಡಾಗಿ ಮಂಜೂರು ಮಾಡಿ, ಇನ್ನೂ ಪೋಡಿ ಆಗದೆ ಉಳಿದ ಜಮೀನಿಗೆ ಆ ಗುರುತು ಇರುತ್ತೆ. ಹಳೇ ದಾಖಲೆ ತೆಗೆಸಿದರೆ 1967ರ ಸಾಗುವಳಿ ಚೀಟಿ, ಅಂದರೆ ಮಂಜೂರಾತಿ ಪತ್ರ, ಸಿಕ್ಕಿತು. ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಸರ್ಕಾರ ದರ್ಖಾಸ್ತಿನಲ್ಲಿ ಕೊಟ್ಟ ಭೂಮಿ ಅದು. ಅಲ್ಲಿಂದ ಮೂರು ಕೈ ಬದಲಾಗಿತ್ತು, ಅನುಮತಿ ಎಲ್ಲೂ ಇಲ್ಲ. 1978ರ ಪಿಟಿಸಿಎಲ್ (ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧ) ಕಾಯ್ದೆ ಪ್ರಕಾರ ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಕ್ರಯ ಅಸಿಂಧು. ಎಷ್ಟು ಕೈ ಬದಲಾದರೂ ಅಷ್ಟೇ. ಭೂಮಿ ಮೂಲ ಕುಟುಂಬಕ್ಕೆ ವಾಪಸ್ ಹೋಗುತ್ತೆ, ಕೊಂಡವರಿಗೆ ಪರಿಹಾರವೂ ಇಲ್ಲ. ಅರ್ಜಿ ಹಾಕಲು ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿ ಹೇಳಿದೆ. ಬಡವರ ಕೈಯಿಂದ ಭೂಮಿ ಜಾರದಿರಲಿ ಅಂತ ಮಾಡಿದ ಕಾನೂನು. ಅದನ್ನು ಬೈದು ಉಪಯೋಗವಿಲ್ಲ, ನೋಡದೆ ಹೋದದ್ದು ನಾನು. ದುಡ್ಡು ಕಂತಿನಲ್ಲಿ ವಾಪಸ್ ಬರಲು 14 ತಿಂಗಳು ಹಿಡಿಯಿತು, 40 ಸಾವಿರ ಬರಲೇ ಇಲ್ಲ. ನಮ್ಮ ಮನೆಯವರು ಒಂದೇ ಮಾತು ಅಂದರು: "ದಿನಾ ಊರವರ ಪಹಣಿ ಓದ್ತೀಯ, ನಮ್ದು ಓದ್ಲಿಲ್ವಾ?"

ಹಾಗಾಗಿ ಪಹಣಿ ಓದುವುದು ಹೀಗೆ. ಮೊದಲು ಸರ್ವೆ ನಂಬರ್, ಪಕ್ಕದಲ್ಲಿ ಪಿ ಇದೆಯಾ. ಮೂರನೇ ಕಲಂನಲ್ಲಿ ವಿಸ್ತೀರ್ಣ, ಅದರಲ್ಲೇ ಖರಾಬ್ ಎಷ್ಟು. ಎ ಖರಾಬ್ ಅಂದರೆ ಕಲ್ಲು, ಬಂಡೆ, ಉಳಲಾಗದ ಜಾಗ. ಬಿ ಖರಾಬ್ ಅಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ, ಅದು ಸರ್ಕಾರದ್ದು, ಮಾರುವವರದ್ದಲ್ಲ. ಒಂಬತ್ತನೇ ಕಲಂನಲ್ಲಿ ಮಾಲೀಕರು. ಹತ್ತರಲ್ಲಿ ಅದು ಅವರಿಗೆ ಹೇಗೆ ಬಂತು ಅನ್ನುವುದು, ಎಂ.ಆರ್. ನಂಬರ್, ಅಂದರೆ ಮ್ಯುಟೇಷನ್ (ಹೆಸರು ಬದಲಾವಣೆ) ನಂಬರ್. ಹನ್ನೊಂದರಲ್ಲಿ ಸಾಲ, ತಡೆಯಾಜ್ಞೆ, ಸ್ವಾಧೀನದ ಟಿಪ್ಪಣಿ. ಹನ್ನೆರಡರಲ್ಲಿ ಯಾರು ಉಳುತ್ತಿದ್ದಾರೆ, ಏನು ಬೆಳೆ. ಒಂಬತ್ತರಲ್ಲಿ ಒಬ್ಬರ ಹೆಸರು, ಹನ್ನೆರಡರಲ್ಲಿ ಇನ್ನೊಬ್ಬರ ಹೆಸರು ಇದ್ದರೆ ಅಲ್ಲೇ ನಿಲ್ಲಿ.

ಒಂದು ವರ್ಷದ್ದು ಸಾಲದು. ಕಂಪ್ಯೂಟರ್ ಪಹಣಿ ಬಂದದ್ದು ಭೂಮಿ ಯೋಜನೆ ಶುರುವಾದ ಮೇಲೆ, 2000ದ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನದು ಕೈಬರಹದ್ದು, ರೆಕಾರ್ಡ್ ರೂಮಿನಲ್ಲಿ ಸಿಗುತ್ತೆ. 1974ಕ್ಕಿಂತ ಹಿಂದಕ್ಕೆ ಹೋಗಲೇಬೇಕು. ಆ ವರ್ಷ ಉಳುವವನೇ ಒಡೆಯ ಅಂತಾಗಿ ಗೇಣಿದಾರರಿಗೆ ಭೂಮಿ ಬಂತು. ಹಾಗೆ ಬಂದದ್ದನ್ನು 15 ವರ್ಷ ಮಾರುವ ಹಾಗಿರಲಿಲ್ಲ. ಅಷ್ಟರೊಳಗೆ ಮಾರಾಟ ಆಗಿದೆಯಾ ನೋಡಿಕೊಳ್ಳಿ. ಋಣಭಾರ ಪತ್ರ, ಅಂದರೆ ಇಸಿ, 2004ರಿಂದೀಚಿನದು ಕಾವೇರಿ ವೆಬ್‌ಸೈಟಿನಲ್ಲೇ ಸಿಗುತ್ತೆ. ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಇಸಿ ಖಾಲಿ ಬಂತು ಅಂತ ಕುಣಿಯಬೇಡಿ. ನೋಂದಣಿ ಆಗದ ಪಾಲುಪಟ್ಟಿ, ಕೋರ್ಟಿನ ಕೇಸು ಅದರಲ್ಲಿ ಕಾಣುವುದಿಲ್ಲ.

ಹೆಣ್ಣುಮಕ್ಕಳ ಸಹಿ ಇನ್ನೊಂದು ದೊಡ್ಡ ವಿಷಯ. ಪಿತ್ರಾರ್ಜಿತ ಜಮೀನಿನಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಗಟ್ಟಿ ಮಾಡಿದೆ. "ತಂಗಿಗೆ ಮದುವೆಲೇ ಎಲ್ಲಾ ಕೊಟ್ಟಾಯ್ತು" ಅನ್ನುವ ಮಾತು ಕಾಗದದಲ್ಲಿ ನಿಲ್ಲುವುದಿಲ್ಲ. ವಂಶವೃಕ್ಷ ಕೈಗೆ ಬಂದ ತಕ್ಷಣ ಹೆಣ್ಣುಮಕ್ಕಳನ್ನು ಎಣಿಸಿ. ಊರಿನ ಟೀ ಅಂಗಡಿಯಲ್ಲೂ "ಅವ್ರಿಗೆ ಎಷ್ಟು ಜನ ಮಕ್ಳು?" ಅಂತ ಕೇಳಿ. ಎರಡು ಲೆಕ್ಕ ತಾಳೆ ಆಗದೆ ಹೋದದ್ದನ್ನು ನಾನು ಹತ್ತಾರು ಸಲ ನೋಡಿದ್ದೇನೆ. ಅಪ್ರಾಪ್ತ ಮಕ್ಕಳ ಪಾಲಿದ್ದರೆ ಕೋರ್ಟ್ ಅನುಮತಿ ಕೇಳಿ. ಜಿಪಿಎ (ಮುಖ್ತ್ಯಾರ್ ಪತ್ರ) ಮೇಲೆ ಮಾರುತ್ತೇನೆ ಅನ್ನುವವರಿಗೆ, ಮೂಲ ಮಾಲೀಕರೇ ಬಂದು ಸಹಿ ಹಾಕಲಿ ಅನ್ನಿ.

ದಾರಿ

ಎರಡನೇ ಸಲ ಜಯಪುರದ ಕಡೆ ಒಂದು ಖುಷ್ಕಿ ನೋಡಿದೆವು. ಕಾಗದ ಚೆನ್ನಾಗಿತ್ತು. ಮಾರುವವರು ನಮ್ಮನ್ನು ಡಾಂಬರು ರಸ್ತೆಯಿಂದ ಒಂದು ಹೊಲದ ನಡುವೆ ಕರೆದುಕೊಂಡು ಹೋದರು. ಟ್ರಾಕ್ಟರ್ ಓಡಾಡಿದ ಅಚ್ಚು, ಎರಡು ಕಡೆ ಅವರೆ ಸಾಲು. "ಇದೇ ದಾರಿ" ಅಂದರು. ನನಗೂ ದಾರಿ ಅಂತಲೇ ಕಂಡಿತು. ಅವರು ಮುಂದೆ ಹೋದಾಗ, ಪಕ್ಕದಲ್ಲಿ ಕಳೆ ಕೀಳುತ್ತಿದ್ದ ಹೆಂಗಸನ್ನು ಮಾತಾಡಿಸಿದೆ. ಬೆನ್ನು ನೆಟ್ಟಗೆ ಮಾಡಿ, ಸೆರಗಲ್ಲಿ ಮುಖ ಒರೆಸಿ ಅಂದಳು: "ದಾರಿ ಅಲ್ಲ ಕಣವ್ವ, ನಂಟಸ್ತಿಕೆ. ಅವ್ರೂ ನಾವೂ ಬೀಗ್ರು, ಅದ್ಕೇ ಬುಟ್ಟಿದ್ದೀವಿ. ನಿಮ್ಗ್ಯಾಕ್ ಬುಡಾವ?"

ಅಲ್ಲಿಗೆ ಮುಗಿಯಿತು. ಆ ಒಂದು ಮಾತು ನಮ್ಮ ಪೂರ್ತಿ ದುಡ್ಡು ಉಳಿಸಿತು.

ದಾರಿ ಇದೆಯಾ ಅಂತ ಹೇಳಬೇಕಾದದ್ದು ಗ್ರಾಮ ನಕ್ಷೆ. ಅದರಲ್ಲಿ ಕಾಲುದಾರಿಗೆ ಒಂದು ಚುಕ್ಕಿ ಗೆರೆ, ಬಂಡಿದಾರಿಗೆ ಎರಡು ಚುಕ್ಕಿ ಗೆರೆ. ನಿಮ್ಮ ಸರ್ವೆ ನಂಬರಿನ ಅಂಚಿಗೆ ಆ ಎರಡು ಗೆರೆ ಬಂದಿರಬೇಕು. ದಿಶಾಂಕ್ ಆ್ಯಪ್ ಹಾಕಿಕೊಂಡು ಜಮೀನಿನಲ್ಲಿ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತೆ. ಆದರೆ ಗಡಿಯ ಹತ್ತಿರ ಅದನ್ನೇ ನಂಬಬೇಡಿ, ಅಂದಾಜಿಗೆ ಸಾಕು. ನಕ್ಷೆಯಲ್ಲಿ ದಾರಿ ಇಲ್ಲ, ಪಕ್ಕದವರು ಬಿಡುತ್ತಾರೆ ಅಂದರೆ, ಆ ಪಕ್ಕದವರಿಂದ ದಾರಿಯ ಹಕ್ಕನ್ನು ನೋಂದಣಿ ಮಾಡಿಸಿಕೊಂಡೇ ಮುಂದಿನ ಮಾತು. ನಕ್ಷೆಯಲ್ಲಿದ್ದ ಬಂಡಿದಾರಿಯನ್ನು ಯಾರೋ ಉತ್ತು ರಾಗಿ ಹಾಕಿರುವುದೂ ಉಂಟು. ಕಾಗದದಲ್ಲಿ ಇದೆ ಅಂತ ಸುಮ್ಮನಾಗದೆ ಕಾಲಲ್ಲಿ ನಡೆದು ನೋಡಿ.

ಅಳತೆ

ಮೂರನೆಯದು ನಮಗೆ ದಕ್ಕಿತು. ಅದೇ ಹೋಬಳಿ, ಬಂಡಿದಾರಿ ಅಂಚಿನಲ್ಲಿ. 1 ಎಕರೆ 6 ಗುಂಟೆ ಅಂತ ಬ್ರೋಕರ್ ಹೇಳಿದ್ದ. ಪಹಣಿಯ ಮೂರನೇ ಕಲಂ ನೋಡಿದರೆ 4 ಗುಂಟೆ ಬಿ ಖರಾಬ್. ಅಂಚಿನಲ್ಲಿ ಒಂದು ಸಣ್ಣ ಹಳ್ಳ. 1 ಎಕರೆ 2 ಗುಂಟೆಗೆ ಮಾತ್ರ ದುಡ್ಡು ಅಂದೆ. ಬ್ರೋಕರ್ ಮುಖ ಊದಿಸಿಕೊಂಡ, ಮಾರುವ ಯಜಮಾನರು ಒಪ್ಪಿದರು.

ಆಮೇಲೆ ಹದ್ದುಬಸ್ತಿಗೆ, ಅಂದರೆ ಅಳೆದು ಗಡಿ ಗುರುತಿಸಲು, ಅರ್ಜಿ ಹಾಕಿಸಿದೆವು. ಅರ್ಜಿ ಮಾಲೀಕರೇ ಕೊಡಬೇಕು, ಅಕ್ಕಪಕ್ಕದವರಿಗೆ ನೋಟೀಸು ಹೋಗುತ್ತೆ. ಸರ್ವೆಯವರು ಟಿಪ್ಪಣಿ (ಹಳೇ ಅಳತೆಯ ದಾಖಲೆ) ನೋಡಿ ಅಳೆದಾಗ ಮೂರು ಬಾಂದುಕಲ್ಲು ಸಿಕ್ಕಿತು, ನಾಲ್ಕನೆಯದು ಇಲ್ಲ. ಅರ್ಧ ಗಂಟೆ ಹುಡುಕಿದೆವು. ಪಕ್ಕದ ಹೊಲದ ಅಜ್ಜ ಬದುವಿನ ಮೇಲೆ ಕೂತು ಬೀಡಿ ಸೇದುತ್ತಾ ನೋಡುತ್ತಿದ್ದರು. ಕಡೆಗೆ ಎದ್ದು ಬಂದು, "ಕಲ್ಲು ಅಲ್ಲೇ ಅದೆ ಕಣವ್ವ, ಕಳ್ಳಿ ಬುಡ್ದಲ್ಲಿ. ನಮ್ಮಪ್ಪ ತೋರ್ಸಿದ್ರು" ಅಂತ ಕೋಲಿನಿಂದ ಕುಟ್ಟಿದರು. ಟಣ್ ಅಂದಿತು. ಮಣ್ಣು ಕೆರೆದರೆ ಕಲ್ಲಿನ ತಲೆ ಕಂಡಿತು. ಅಳತೆ ದಿನ ಪಕ್ಕದವರು ಇರಬೇಕು ಅನ್ನುವುದು ಇದಕ್ಕೇ. ಅವತ್ತು ಅವರೆದುರು ಸಿಕ್ಕ ಕಲ್ಲಿಗೆ ನಾಳೆ ತಕರಾರು ಕಡಿಮೆ.

ಪೂರ್ತಿ ಸರ್ವೆ ನಂಬರ್ ಬಿಟ್ಟು ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ (ಆ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಬೇಕೇ ಬೇಕು, ಇಲ್ಲದಿದ್ದರೆ ನೋಂದಣಿ ಆಗುವುದಿಲ್ಲ. ಸರ್ವೆ ಇಲಾಖೆಯ ದಾಖಲೆಯಾದ ಆಕಾರಬಂದಿನ ವಿಸ್ತೀರ್ಣವೂ ಪಹಣಿಯ ವಿಸ್ತೀರ್ಣವೂ ಒಂದೇ ಇದೆಯಾ ಅಂತಲೂ ನೋಡಿ. ವ್ಯತ್ಯಾಸ ಇದ್ದರೆ ಮಾರುವವರೇ ಸರಿ ಮಾಡಿಸಿಕೊಡಲಿ, ಆಮೇಲೆ ನಿಮ್ಮ ತಲೆಗೆ ಬೇಡ.

ದುಡ್ಡು

ಅಡ್ವಾನ್ಸ್ ನಗದು ಕೊಡಬೇಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಮುಟ್ಟಿದರೆ ಚೆಕ್ಕು, ಡಿಡಿ ಅಥವಾ ಬ್ಯಾಂಕ್ ವರ್ಗಾವಣೆಯೇ ಆಗಬೇಕು. ಕರಾರನ್ನು ನೋಂದಣಿ ಮಾಡಿಸಿ. ಖರ್ಚು ಅಂತ ಹಿಂದೆ ಸರಿದು ನಾನು ಕಳೆದುಕೊಂಡದ್ದು ಅದಕ್ಕಿಂತ ಜಾಸ್ತಿ. ಕ್ರಯದ ದಿನ ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 1 ಇದ್ದದ್ದು 2025ರ ಆಗಸ್ಟ್ ಕೊನೆಯಿಂದ 2 ಆಗಿದೆ. ಒಟ್ಟು ಏಳೂವರೆ ದಾಟುತ್ತೆ. ಇದನ್ನು ಬಜೆಟ್ಟಿನಲ್ಲಿ ಮೊದಲೇ ಸೇರಿಸಿಕೊಳ್ಳಿ.

ಮುಂದೆ ಮಾರುವಾಗಿನ ತೆರಿಗೆಗೂ ಇವತ್ತೇ ಯೋಚಿಸಬೇಕು. ಊರಿನಿಂದ ದೂರದ ವ್ಯವಸಾಯದ ಜಮೀನು ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ. ದೂರ ಅಂದರೆ ಎಷ್ಟು? ಒಂದರಿಂದ ಹತ್ತು ಲಕ್ಷ ಜನಸಂಖ್ಯೆಯ ಊರಾದರೆ ಅದರ ಗಡಿಯಿಂದ ಹಕ್ಕಿ ಹಾರುವ ಲೆಕ್ಕದಲ್ಲಿ 6 ಕಿಲೋಮೀಟರ್. 2011ರ ಜನಗಣತಿಯಂತೆ ಮೈಸೂರು, ಮಂಡ್ಯ ಎರಡೂ ಈ ಲೆಕ್ಕಕ್ಕೆ ಬರುತ್ತವೆ. ಊರಿನ ಗಡಿಯೇ ಮುಂದಕ್ಕೆ ಸರಿದರೆ ನಿಮ್ಮ ಜಮೀನು ಒಳಗೆ ಬಂದುಬಿಡುತ್ತೆ. ಲಾಭವೂ ಬಂತು, ತೆರಿಗೆಯೂ ಬಂತು.

ಕೊಂಡ ಮೇಲೆ

ನೋಂದಣಿ ಆದ ತಕ್ಷಣ ಪಹಣಿಯಲ್ಲಿ ಹೆಸರು ಬರುವುದಿಲ್ಲ. ಮ್ಯುಟೇಷನ್ ಆಗಬೇಕು, ಆಕ್ಷೇಪಣೆ ಅವಧಿ ಮುಗಿಯಬೇಕು. ಹೊಸ ಪಹಣಿ ಕೈಗೆ ಬರುವವರೆಗೂ ಬೆನ್ನು ಹತ್ತಿ. ಬಂದ ಮೇಲೆ ಆಧಾರ್ ಜೋಡಿಸಿ.

ಜಮೀನು ಪಾಳು ಬಿಡಬೇಡಿ. ಪಾಳು ಬಿದ್ದ ಕಡೆ ಮೊದಲು ಕುರಿ ಬರುತ್ತೆ, ಆಮೇಲೆ ಕಟ್ಟಡದ ಮಣ್ಣು ಸುರಿಯುವ ಟಿಪ್ಪರ್ ಬರುತ್ತೆ. ಹಾಗಂತ ಬಾಯಿಮಾತಿನಲ್ಲಿ ಗುತ್ತಿಗೆ ಕೊಡುವುದನ್ನೂ ಮಾಡಬೇಡಿ. ಸೈನಿಕರಂಥ ಕೆಲವರನ್ನು ಬಿಟ್ಟರೆ ಭೂ ಸುಧಾರಣಾ ಕಾಯ್ದೆ ಅದನ್ನು ಒಪ್ಪುವುದಿಲ್ಲ. ನಾವು ಕೂಲಿ ಕೊಟ್ಟು ಹುರುಳಿ ಹಾಕಿಸುತ್ತೇವೆ. ಲಾಭ ಏನೂ ಇಲ್ಲ, ಮನೆಗೆ ಸಾರಿಗಾಗುತ್ತೆ. ಆದರೆ ಹನ್ನೆರಡನೇ ಕಲಂನಲ್ಲಿ ನಮ್ಮ ಹೆಸರು, ನಮ್ಮ ಬೆಳೆ.

ವರ್ಷಕ್ಕೆರಡು ಸಲ ಹೋಗಿ ನಾಲ್ಕೂ ಕಲ್ಲು ಮುಟ್ಟಿ ಬರುತ್ತೇನೆ. ಹೋದ ಸಲ ಕಳ್ಳಿ ಬುಡದ ಕಲ್ಲು ಟ್ರಾಕ್ಟರ್ ತಾಗಿ ವಾಲಿತ್ತು. ಫೋಟೋ ತೆಗೆದು, ಅಜ್ಜನ ಮಗನನ್ನು ಕರೆದು, ಅವರೆದುರೇ ನೆಟ್ಟಗೆ ನಿಲ್ಲಿಸಿ ಬುಡಕ್ಕೆ ನಾಲ್ಕು ಬಾಂಡ್ಲಿ ಕಾಂಕ್ರೀಟ್ ಹಾಕಿಸಿದೆ. ಅಜ್ಜ ದೂರದಿಂದಲೇ "ಅರ್ಧ ಗೇಣು ನಮ್ ಕಡಿಕ್ ಬಂದದೆ ನೋಡವ್ವ" ಅಂದರು. ಟೇಪು ಹಿಡಿದು ತೋರಿಸಿದ ಮೇಲೆ ಬೀಡಿ ಹಚ್ಚಿದರು.